ಮಾಲೀಕರ ಮೇಲೆ ಗೂಬೆ ಕೂರಿಸಬೇಡಿ

ಓಲ್ಡ್ಸ್‌ಮೊಬೈಲ್‌ನ ಡೀಸೆಲ್ ಕಾರುಗಳು ಕೆಟ್ಟದ್ದು ಅಮೆರಿಕನ್ನರಿಗೆ ಡೀಸೆಲ್ ಗಾಡಿ ನೋಡಿಕೊಳ್ಳಲು ಬಾರದ್ದರಿಂದ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ದುಡ್ಡು ಕಳೆದುಕೊಂಡವರನ್ನೇ ತಪ್ಪಿತಸ್ಥರನ್ನಾಗಿಸುವ ಈ ಮಾತನ್ನು ಒಪ್ಪಲಾಗದು.

1978ರ ಮಾದರಿಗಳಲ್ಲಿ ಬಂದ ಆ 5.7 ಲೀಟರ್ ವಿ-8 ಎಂಜಿನ್ನಿನ ಹೆಡ್ ಬಿಚ್ಚಿ ನೋಡಿದರೆ ಸಾಕು. ಕಂಪ್ರೆಷನ್ ಅನುಪಾತ 22.5ಕ್ಕೆ 1, ಆಗಿನ ಪೆಟ್ರೋಲ್ ಎಂಜಿನ್ನಿನ ಎರಡೂವರೆ ಪಟ್ಟು. ಬ್ಲಾಕನ್ನೇನೋ ಗಟ್ಟಿಯಾಗಿಯೇ ಎರಕ ಹೊಯ್ದಿದ್ದರು, ನಿಜ. ಆದರೆ ಪೆಟ್ರೋಲ್ ಎಂಜಿನ್ನಿನ ಯಂತ್ರಗಳಲ್ಲೇ ತಯಾರಾಗಲೆಂದು ಹೆಡ್ಡಿಗೆ ಅದೇ ಹತ್ತು ಬೋಲ್ಟುಗಳ ಜೋಡಣೆ ಉಳಿಸಿಕೊಂಡರು. ಒತ್ತಡಕ್ಕೆ ಬೋಲ್ಟ್ ಹಿಗ್ಗಿತು, ಗ್ಯಾಸ್ಕೆಟ್ ಹೋಯಿತು, ಕೂಲಂಟ್ ಸಿಲಿಂಡರಿಗೆ ಇಳಿಯಿತು. ನೀರು ಅದುಮಿದರೆ ಕುಗ್ಗುತ್ತದೆಯೇ? ಎಂಜಿನ್ನೇ ಮುರಿಯಿತು. ಡೀಸೆಲ್ಲಿಗೆ ಸೇರಿದ ನೀರನ್ನು ಬೇರ್ಪಡಿಸುವ ಸಾಧನವನ್ನೂ ಇಡಲಿಲ್ಲವಾಗಿ ಇಂಜೆಕ್ಷನ್ ಪಂಪು ತುಕ್ಕು ತಿಂದಿತು. ರಿಪೇರಿಗೆ ಬಿಟ್ಟರೆ, ತರಬೇತಿ ಸಾಲದ ಡೀಲರ್ ಮೆಕ್ಯಾನಿಕ್‌ಗಳು ಹಿಗ್ಗಿದ ಬೋಲ್ಟನ್ನೇ ಮತ್ತೆ ಬಿಗಿದು ಕಳಿಸಿದ್ದೂ ಉಂಟು. ಇದರಲ್ಲಿ ಮಾಲೀಕ ಮಾಡಬೇಕಿದ್ದ ಆರೈಕೆ ಯಾವುದು, ಲೇಖಕರು ಹೇಳಲಿ.

ರ‍್ಯಾನ್ಸಮ್ ಓಲ್ಡ್ಸ್ 1897ರಲ್ಲಿ ಕಟ್ಟಿದ ಸಂಸ್ಥೆಯಿದು. 1940ರ ಮಾದರಿಗೆ ತಾನಾಗಿ ಬದಲಾಗುವ ಹೈಡ್ರಾಮ್ಯಾಟಿಕ್ ಗೇರು ಕೊಟ್ಟದ್ದು, 1966ರ ಮಾದರಿಯಾಗಿ ಮುಂದಿನ ಚಕ್ರ ಎಳೆಯುವ ಟೊರೊನಾಡೊ ತಂದದ್ದು ಇದೇ. ಅಂಥವರಿಗೆ ಬೋಲ್ಟಿನ ಲೆಕ್ಕ ಬರುತ್ತಿರಲಿಲ್ಲವೆಂದು ನಾನು ನಂಬಲಾರೆ. ಖರ್ಚು ಉಳಿಸುವ ಅವಸರ ಗೆದ್ದಿತು, ಅಷ್ಟೆ.

2004ರಲ್ಲಿ ಬ್ರ್ಯಾಂಡ್ ಮುಚ್ಚಿದ್ದಕ್ಕೆ ಬೇರೆ ಕಾರಣಗಳೂ ಇವೆ. ಅವುಗಳಲ್ಲಿ ಗ್ರಾಹಕರ ಅಜ್ಞಾನವನ್ನು ಸೇರಿಸಲು ಲೇಖಕರು ಒಂದು ಆಧಾರವನ್ನೂ ಕೊಟ್ಟಿಲ್ಲ.