ಗುಜರಿಗೆ ಹಾಕುವುದು ವಿಲೇವಾರಿ ಅಲ್ಲ

ನಮ್ಮ ಬಳಗದ ಗೆಳತಿಯೊಬ್ಬಳ ಸೋದರತ್ತೆ ಅಂಗನವಾಡಿ ಕಾರ್ಯಕರ್ತೆ. 2001ರಲ್ಲಿ ಬಿ.ಎ. ಮುಗಿಸಿದವರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ಅವರ ಮನೆಯ ಹಿಂದಿನ ಗೋಡೆ ಬಿತ್ತು. ಟ್ರಂಕ್ ನೀರುಪಾಲಾಯಿತು. ಅದರೊಳಗೆ ಸೀರೆ, ಪಾಸ್‌ಬುಕ್‌ಗಳ ಜೊತೆ ಆರೂ ಮಾರ್ಕ್ಸ್ ಕಾರ್ಡ್‌ಗಳಿದ್ದವು. ಮುಂದೆ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಕರೆದಾಗ, ದ್ವಿಪ್ರತಿ ಅಂಕಪಟ್ಟಿ ಕೇಳಿಕೊಂಡು ಎರಡು ಬಸ್ ಬದಲಿಸಿ ತಾವು ಓದಿದ ವಿಶ್ವವಿದ್ಯಾಲಯಕ್ಕೆ ಹೋದರು. ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಸಿಕ್ಕ ಉತ್ತರ ಇದು:

"ಅಕ್ಕಾರ, ಆ ವರ್ಷದ ಲೆಡ್ಜರ್ ಸಿಗವಲ್ದು. ಹಳೇ ಕಟ್ಟಡದಾಗಿತ್ತು. ಶಿಫ್ಟ್ ಮಾಡೂ ಮುಂದ ಎಲ್ಲಿ ಹೋತೋ ಏನೋ. ಗೆದ್ದಲಾನೂ ಹತ್ತಿತ್ತು."

ನಾಲ್ಕು ಸಲ ಅಲೆದರು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿಯಿತು. ಅವರು ಇವತ್ತಿಗೂ ಕಾರ್ಯಕರ್ತೆಯೇ.

ಅವರ ನಾಲ್ಕನೇ ಅಲೆದಾಟದ ದಿನ ನಾವಿಬ್ಬರು ಜೊತೆಗಿದ್ದೆವು. ಹಸಿವಾಗಿ, ಅದೇ ವಿಶ್ವವಿದ್ಯಾಲಯದ ಗೇಟಿನಿಂದ ಸ್ವಲ್ಪ ದೂರದ ಗಾಡಿಯಲ್ಲಿ ಮಿರ್ಚಿ ತಿಂದೆವು. ಮಿರ್ಚಿ ಕಟ್ಟಿಕೊಟ್ಟ ಕಾಗದ ಬಿಡಿಸಿ ನೋಡಿದರೆ, ಹಿಂದಿನ ವರ್ಷದ ಪಿ.ಜಿ. ಪ್ರವೇಶ ಅರ್ಜಿಯ ಹಾಳೆ. ಹುಡುಗಿಯೊಬ್ಬಳ ಫೋಟೊ, ಮೊಬೈಲ್ ನಂಬರ್, ಅಪ್ಪನ ವಾರ್ಷಿಕ ಆದಾಯ, ಜಾತಿ, ಮನೆ ವಿಳಾಸ. ಗಾಡಿಯವರ ಕಟ್ಟಿನಲ್ಲಿ ಇನ್ನೂ ಇದ್ದವು: ಆಧಾರ್ ಜೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟ. "ಗುಜರಿಯಿಂದ ಕೆಜಿ ಲೆಕ್ಕದಾಗ ತರ್ತೀವ್ರಿ" ಅಂದರು. ಅವರ ತಪ್ಪೇನೂ ಇಲ್ಲ. ಆ ಕಟ್ಟನ್ನು ದುಡ್ಡು ಕೊಟ್ಟು ಕೊಂಡು, ಮನೆಗೆ ಒಯ್ದು ಸುಟ್ಟೆವು.

ಒಂದೇ ದಿನ, ಒಂದೇ ಸಂಸ್ಥೆ. ಶಾಶ್ವತವಾಗಿ ಇರಬೇಕಾದ ಲೆಡ್ಜರ್ ಇಲ್ಲ. ಯಾರ ಕೈಗೂ ಸಿಗದಂತೆ ನಾಶವಾಗಬೇಕಾದ ಅರ್ಜಿ ಮಿರ್ಚಿಯ ಎಣ್ಣೆ ಹೀರುತ್ತಿದೆ. ಇದನ್ನು ನಾವು ನಿರ್ಲಕ್ಷ್ಯ ಎಂದು ಕರೆದು ಸುಮ್ಮನಾಗುವುದಿಲ್ಲ. ಉಳಿಸುವುದು ಯಾವುದು, ಅಳಿಸುವುದು ಯಾವುದು ಎಂದು ತೀರ್ಮಾನ ಮಾಡುವ ಕೆಲಸವನ್ನು ನಮ್ಮ ಸಾರ್ವಜನಿಕ ವಿಶ್ವವಿದ್ಯಾಲಯಗಳು ಗೆದ್ದಲಿಗೂ ಗುಜರಿಯವರಿಗೂ ಬಿಟ್ಟುಕೊಟ್ಟಿವೆ. ನಮ್ಮ ತಕರಾರು ಇದಕ್ಕೆ.

ವಿಲೇವಾರಿ ಅಂದರೆ ಕೋಣೆ ಖಾಲಿ ಮಾಡುವುದಲ್ಲ. ಯಾವ ದಾಖಲೆ, ಯಾವಾಗ, ಯಾರ ಅನುಮತಿಯಿಂದ, ಹೇಗೆ, ಯಾರ ಎದುರು ನಾಶವಾಯಿತು? ಈ ಐದಕ್ಕೂ ಬರಹದಲ್ಲಿ ಉತ್ತರವಿದ್ದರೆ ಮಾತ್ರ ಅದು ವಿಲೇವಾರಿ. ಪತ್ರಿಕೋದ್ಯಮದ ಮೊದಲ ತರಗತಿಯಲ್ಲಿ ಇದೇ ವಿಶ್ವವಿದ್ಯಾಲಯಗಳು ನಮಗೆ ಕಲಿಸಿದ ಪ್ರಶ್ನೆಗಳು ಇವು. ಈಗ ಅವರನ್ನೇ ಕೇಳುತ್ತಿದ್ದೇವೆ.

ಕಾನೂನು ಇಲ್ಲ ಅಂತ ಯಾರೂ ಹೇಳುವಂತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಮು, ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ಇಡಬೇಕು ಎನ್ನುತ್ತದೆ. ಕೇಂದ್ರದ ಸಂಸ್ಥೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಅದನ್ನು ಮೀರಿ ದಾಖಲೆ ನಾಶ ಮಾಡಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮ್ಮ ರಾಜ್ಯಕ್ಕೂ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ರಾಜ್ಯ ಪತ್ರಾಗಾರ ಇಲಾಖೆ ಎಂಬ ಇಲಾಖೆಯೇ ಇದೆ. ಕಡತಗಳನ್ನು ಶಾಶ್ವತವಾಗಿ ಇಡುವವು, ಇಂತಿಷ್ಟು ವರ್ಷ ಇಡುವವು ಎಂದು ವರ್ಗ ಮಾಡುವ ಪದ್ಧತಿ ತಾಲ್ಲೂಕು ಕಚೇರಿಯ ಗುಮಾಸ್ತರಿಗೂ ಗೊತ್ತು. ನೂರು ವರ್ಷದ ಹಿಂದಿನ ಪಹಣಿಯೋ ಫೋಡಿಯೋ ಬೇಕೆಂದರೆ, ಅಲೆದಾಡಿಸಿಯಾದರೂ ಅಲ್ಲಿ ಹುಡುಕಿ ಕೊಡುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಅಂಕಪಟ್ಟಿ ಹುಡುಕಿಕೊಡಲು ಡಾಕ್ಟರೇಟ್‌ಗಳೇ ತುಂಬಿರುವ ಸಂಸ್ಥೆಗೆ ಆಗುವುದಿಲ್ಲ!

ಈ ವಿಷಯ ಎತ್ತಿದಾಗಲೆಲ್ಲ ನಾಲ್ಕು ನೆಪ ಕೇಳಿಬರುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಜಾಗ ಇಲ್ಲ. ಲೆಕ್ಕ ಹಾಕಿ. ಸೆಮಿಸ್ಟರ್‌ಗೆ ಆರು ವಿಷಯ, ಆರು ಸೆಮಿಸ್ಟರ್, ಒಬ್ಬ ವಿದ್ಯಾರ್ಥಿಗೆ 36 ಉತ್ತರ ಪತ್ರಿಕೆ. ಒಂದಕ್ಕೆ 32 ಪುಟ ಎಂದಿಟ್ಟುಕೊಂಡರೆ 1,152 ಪುಟ. ಅದೇ ವಿದ್ಯಾರ್ಥಿಯ ಅಂಕಗಳು ಲೆಡ್ಜರ್‌ನಲ್ಲಿ ಹಿಡಿಯುವ ಜಾಗ ಸೆಮಿಸ್ಟರ್‌ಗೆ ಒಂದು ಸಾಲು, ಒಟ್ಟು ಆರು ಸಾಲು. ಮರುಮೌಲ್ಯಮಾಪನ ಮುಗಿದು ಅವಧಿ ತೀರಿದ ಉತ್ತರ ಪತ್ರಿಕೆಗಳನ್ನು ಕ್ರಮವಾಗಿ ತೆಗೆದರೆ, ಲೆಡ್ಜರ್‌ಗಳಿಗೆ ಬೇಕಾಗುವುದು ಒಂದು ಒಣ ಕೋಣೆ ಮತ್ತು ನಾಲ್ಕು ಕಬ್ಬಿಣದ ರ‍್ಯಾಕ್. ಹೊರಹಾಕಬೇಕಾದದ್ದನ್ನು ಸಮಯಕ್ಕೆ ಹೊರಹಾಕದೆ, ಇಡಬೇಕಾದದ್ದರ ಮೇಲೆ ಅದನ್ನೇ ಪೇರಿಸಿ, ಕೊನೆಗೊಂದು ದಿನ ನ್ಯಾಕ್ ತಂಡ ಬರುತ್ತದೆ ಅಂದಾಕ್ಷಣ ಎರಡನ್ನೂ ಒಟ್ಟಿಗೆ ಟ್ರ್ಯಾಕ್ಟರ್‌ಗೆ ತುಂಬಿದರೆ, ಅದಕ್ಕೆ ಜಾಗ ಏನು ಮಾಡೀತು?

ಎರಡನೆಯದು, ಸಿಬ್ಬಂದಿ ಇಲ್ಲ. ಇದು ಅರ್ಧ ಸತ್ಯ. ಕಾಯಂ ನೌಕರರು ನಿವೃತ್ತರಾದ ಜಾಗಕ್ಕೆ ಹೊರಗುತ್ತಿಗೆಯವರು ಬಂದಿದ್ದಾರೆ, ಯಾವ ಬೀರುವಿನಲ್ಲಿ ಏನಿದೆ ಎಂಬುದು ನಿವೃತ್ತರ ತಲೆಯಲ್ಲೇ ಹೊರಟುಹೋಗಿದೆ. ಆ ಹೊರಗುತ್ತಿಗೆ ನೌಕರರನ್ನು ನಾವು ಬೈಯುವುದಿಲ್ಲ, ಕಿಟಕಿಯಲ್ಲಿ ಜನರ ಸಿಟ್ಟು ತಿನ್ನುವವರೂ ಅವರೇ. ಆದರೆ ಈ ವಿಶ್ವವಿದ್ಯಾಲಯಗಳಲ್ಲೇ ಗ್ರಂಥಾಲಯ ವಿಜ್ಞಾನ ವಿಭಾಗ ಇದೆ, ಇತಿಹಾಸ ವಿಭಾಗ ಇದೆ. ದಾಖಲೆ ಪಟ್ಟಿ ಮಾಡುವುದು ಹೇಗೆಂದು ತರಗತಿಯಲ್ಲಿ ಕಲಿಸಿ, ಪಕ್ಕದ ಕಟ್ಟಡದ ರೆಕಾರ್ಡ್ ರೂಮಿಗೆ ಬೀಗ ಹಾಕುವುದು ಯಾವ ನ್ಯಾಯ? ಆ ವಿದ್ಯಾರ್ಥಿಗಳಿಗೆ ಸಂಭಾವನೆ ಕೊಟ್ಟು ರಜೆಯಲ್ಲಿ ಪಟ್ಟಿ ಕೆಲಸ ಮಾಡಿಸಿ. ಬಿಟ್ಟಿ ದುಡಿಸಬೇಡಿ.

ಮೂರನೆಯದು, ಎಲ್ಲಾ ಸ್ಕ್ಯಾನ್ ಆಗಿದೆ. ಎಲ್ಲಾ ಅಂದರೆ ಎಷ್ಟು? ಯಾವ ವರ್ಷದಿಂದ? ಪ್ರತಿ ಪುಟ ಓದಲು ಬರುತ್ತದೆಯೇ ಎಂದು ತಾಳೆ ನೋಡಿದವರು ಯಾರು? ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಸಿಗುವುದು ವಿಶ್ವವಿದ್ಯಾಲಯ ಅದನ್ನು ಏರಿಸಿದ್ದರೆ ಮಾತ್ರ. ಹಳೆಯ ಬ್ಯಾಚ್‌ನದು ಏರಿಸಬೇಕಾದರೆ ಮೊದಲು ಲೆಡ್ಜರ್ ಕೈಯಲ್ಲಿರಬೇಕು. ತಾಳೆ ಮುಗಿಯುವ ಮುನ್ನ ಮೂಲವನ್ನು ಹೊರಹಾಕುವುದು ಬಿತ್ತನೆ ಬೀಜವನ್ನೇ ಹುರಿದು ತಿಂದಂತೆ. ಇನ್ನೊಂದು ಮಾತು: ಹಳೆಯ ಕಂಪ್ಯೂಟರ್‌ಗಳನ್ನು ಹರಾಜು ಹಾಕುವಾಗ ಹಾರ್ಡ್ ಡಿಸ್ಕ್ ಅಳಿಸಿದ್ದಾರೆಯೇ? ಗುಜರಿಗೆ ಕಾಗದವಷ್ಟೇ ಹೋಗುವುದಿಲ್ಲ.

ನಾಲ್ಕನೆಯದು, ಅಷ್ಟು ಹಳೆಯದು ಯಾರಿಗೆ ಬೇಕು? ಈ ಮಾತು ಕೇಳಿದರೆ ನಮಗೆ ಹೆಚ್ಚು ಸಿಟ್ಟು ಬರುತ್ತದೆ. ಹಳೆಯ ಅಂಕಪಟ್ಟಿ ಬೇಕಾಗುವುದು ನಮ್ಮಂಥವರಿಗೇ. ಸಿಟಿಯಲ್ಲಿ ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಮಾರ್ಕ್ಸ್ ಕಾರ್ಡ್ ಇಟ್ಟು ಲಾಕರ್‌ಗೆ ಹಾಕುವವರಿಗಲ್ಲ. ಮಳೆಗೆ ಸೋರುವ ಮನೆ, ಇಲಿ ಓಡಾಡುವ ಜಂತಿ, ಹೊಳೆ ಬಂದರೆ ಮೊದಲು ದನ ಬಿಚ್ಚಬೇಕೋ ಟ್ರಂಕ್ ಎತ್ತಬೇಕೋ ಎಂದು ಯೋಚಿಸಬೇಕಾದ ಊರು, ಇಲ್ಲಿಂದ ಹೋದ ಮೊದಲ ತಲೆಮಾರಿನ ಪದವೀಧರರಿಗೆ. ಅವರ ಮನೆಯಲ್ಲಿ ಕಾಗದ ಉಳಿಯದಿದ್ದಾಗ ವಿಶ್ವವಿದ್ಯಾಲಯದಲ್ಲಾದರೂ ಉಳಿದಿರುತ್ತದೆ ಎಂಬುದೇ ಸಾರ್ವಜನಿಕ ಸಂಸ್ಥೆಯ ಮೇಲಿನ ನಂಬಿಕೆ. ಕೆಲಸ ಸಿಕ್ಕ ಮೇಲೂ ಅಷ್ಟೇ. ಇಲಾಖೆ ನೈಜತೆ ಪರಿಶೀಲನೆಗೆ ಪತ್ರ ಬರೆದಾಗ "ದಾಖಲೆ ಲಭ್ಯವಿಲ್ಲ" ಎಂದು ಬಂದರೆ, ಓದಿ ಪಾಸಾದವರ ಮೇಲೂ ಕಳ್ಳರೆಂಬ ಗುಮಾನಿ. ನಕಲಿ ಅಂಕಪಟ್ಟಿ ಮಾರುವವರಿಗೆ ಮಾತ್ರ ಇದು ಹಬ್ಬ. ಲೆಡ್ಜರ್ ಇಲ್ಲದ ವರ್ಷದಲ್ಲಿ ಅಸಲಿಗೂ ನಕಲಿಗೂ ಏನು ವ್ಯತ್ಯಾಸ?

ಹಾಗಂತ ಎಲ್ಲವನ್ನೂ ಶಾಶ್ವತವಾಗಿ ಇಟ್ಟುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಅದೂ ತಪ್ಪು. ಮಿರ್ಚಿ ಕಾಗದದಲ್ಲಿ ಕಂಡ ಹುಡುಗಿಯ ಫೋನ್ ನಂಬರ್ ವಿಶ್ವವಿದ್ಯಾಲಯದ ಆಸ್ತಿಯಲ್ಲ. ಪ್ರವೇಶದ ಕೆಲಸ ಮುಗಿದು, ತಕರಾರಿನ ಅವಧಿಯೂ ಮುಗಿದ ಮೇಲೆ ಆ ಅರ್ಜಿ ಉಳಿದಷ್ಟೂ ಅಪಾಯ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದೇ: ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಡಲು ಹೇಳದಿದ್ದರೆ, ಅಳಿಸಬೇಕು. ಅದು ಡಿಜಿಟಲ್ ದತ್ತಾಂಶದ ಮಾತು, ಆದರೆ ಕಾಗದದ ಮೇಲಿರುವ ಹುಡುಗಿಯ ಮಾನ ಬೇರೆಯೇ?

ಅಳಿಸುವ ದಿನಾಂಕವೂ ಗುಟ್ಟಾಗಿರಬಾರದು. ಮೌಲ್ಯಮಾಪನವಾದ ಉತ್ತರ ಪತ್ರಿಕೆ ಮಾಹಿತಿ ಹಕ್ಕಿನಡಿ ಬರುವ ಮಾಹಿತಿ, ವಿದ್ಯಾರ್ಥಿ ಅದನ್ನು ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿ.ಬಿ.ಎಸ್.ಇ. ಪ್ರಕರಣದಲ್ಲಿ ಹೇಳಿತು. ಆದರೆ ಸಂಸ್ಥೆ ಅದನ್ನು ಇಟ್ಟುಕೊಳ್ಳಬೇಕಾದ ಅವಧಿಯೊಳಗೆ ಮಾತ್ರ ಎಂದೂ ಅದೇ ತೀರ್ಪು ಹೇಳಿತು. ಅಂದರೆ ಆ ಅವಧಿ ಎಷ್ಟೆಂದು ಗೊತ್ತಿಲ್ಲದ ವಿದ್ಯಾರ್ಥಿಗೆ ಹಕ್ಕು ಇದ್ದೂ ಇಲ್ಲ. ಫಲಿತಾಂಶದ ಜೊತೆಗೇ "ನಿಮ್ಮ ಉತ್ತರ ಪತ್ರಿಕೆಯನ್ನು ಇಂಥ ದಿನದವರೆಗೆ ಇಡುತ್ತೇವೆ" ಎಂಬ ಒಂದು ಸಾಲು ಪ್ರಕಟಿಸಲು ಏನು ಖರ್ಚು?

ಈಗ ಇದನ್ನು ಎತ್ತಲು ಇನ್ನೊಂದು ಕಾರಣವಿದೆ. ನಮ್ಮ ರಾಜ್ಯದಲ್ಲಿ ವಿಶ್ವವಿದ್ಯಾಲಯಗಳು ಒಡೆಯುತ್ತಲೇ ಬಂದಿವೆ. ಬೆಳಗಾವಿಯ ಹುಡುಗ 1995ರಲ್ಲಿ ಪದವಿ ಪಡೆದಿದ್ದರೆ ಅವನ ದಾಖಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದ ಮೇಲೆ ಓದಿದ ಅವನ ತಮ್ಮನದು ಬೆಳಗಾವಿಯಲ್ಲಿ. ಆಮೇಲೆ ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ ಎಂದು ಇನ್ನಷ್ಟು ಹುಟ್ಟಿದವು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯಿಂದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯದರೊಳಗೆ ಸೇರಿಸುವ ಮಾತು ಬಂತು. ಜಾಗ, ಅನುದಾನ, ಹುದ್ದೆ ಎಲ್ಲದರ ಬಗ್ಗೆ ಚರ್ಚೆಯಾಯಿತು. ಆ ಮಕ್ಕಳ ಲೆಡ್ಜರ್‌ಗಳನ್ನು ಯಾರು, ಯಾವ ಪಟ್ಟಿಗೆ ಸಹಿ ಹಾಕಿ ತೆಗೆದುಕೊಳ್ಳುತ್ತಾರೆ ಎಂಬ ಪ್ರಶ್ನೆ ನಮ್ಮ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಕಚೇರಿ ಬದಲಿಸುವಾಗಲೇ ದಾಖಲೆ ಸಾಯುವುದು. ಸೋದರತ್ತೆಯ ಲೆಡ್ಜರ್ ಕಳೆದದ್ದೂ ಹಾಗೇ, ಒಂದು ಕಟ್ಟಡದಿಂದ ಇನ್ನೊಂದಕ್ಕೆ.

ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಘಟಿಕೋತ್ಸವ ಬಂದರೆ ಚಿನ್ನದ ಪದಕದ ಸುದ್ದಿ ಬರೆದಿದ್ದೇವೆ. ಕುಲಪತಿ ನೇಮಕದ ಜಗಳ ಬರೆದಿದ್ದೇವೆ. ರೆಕಾರ್ಡ್ ರೂಮಿನ ಬಾಗಿಲು ತೆಗೆಸಿ ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳು ಯಾವ ವರ್ಷ, ಯಾವ ಊರಿಂದ ಡಿಗ್ರಿಗೆ ಬರಲು ಶುರುಮಾಡಿದರು ಎಂಬ ಕಥೆ ಹಳೆಯ ಪ್ರವೇಶ ರಿಜಿಸ್ಟರ್‌ಗಳಲ್ಲಿದೆ, ಹಾಸ್ಟೆಲ್ ಪುಸ್ತಕಗಳಲ್ಲಿದೆ. ಅದು ತೂಕಕ್ಕೆ ಹೋದ ಮೇಲೆ ಯಾವ ವರದಿಗಾರನೂ ಅದನ್ನು ಬರೆಯಲಾರ.

ನಾವು ಕೇಳುವುದು ಇಷ್ಟು. ಯಾವ ದಾಖಲೆ ಎಷ್ಟು ವರ್ಷ ಎಂಬ ಪಟ್ಟಿಯನ್ನು ಸಿಂಡಿಕೇಟ್ ಒಪ್ಪಿ, ಜಾಲತಾಣದಲ್ಲಿ ಕನ್ನಡದಲ್ಲಿ ಹಾಕಲಿ. ಅಂಕಗಳ ಲೆಡ್ಜರ್, ಪದವಿ ರಿಜಿಸ್ಟರ್, ಸಿಂಡಿಕೇಟ್ ನಡಾವಳಿ ಯಾವತ್ತೂ ನಾಶವಾಗಬಾರದು. ಹೊರಹಾಕುವ ಮುನ್ನ ಕೋರ್ಟ್ ಕೇಸು, ಮಾಹಿತಿ ಹಕ್ಕಿನ ಅರ್ಜಿ, ಆಡಿಟ್ ಬಾಕಿ ಇರುವುದನ್ನು ಬೇರೆ ತೆಗೆದಿಡಲಿ, ಪತ್ರಾಗಾರ ಇಲಾಖೆಯವರ ಕಣ್ಣಿಗೆ ಬೀಳಲಿ. ಹೆಸರು, ನಂಬರ್ ಇರುವ ಕಾಗದವನ್ನು ಕ್ಯಾಂಪಸ್ಸಿನೊಳಗೇ ಚೂರು ಮಾಡಲಿ, ಇಲ್ಲವೇ ಅಧಿಕಾರಿಯೊಬ್ಬರು ಜೊತೆಗೆ ಹೋಗಿ ಕಾಗದದ ಗಿರಣಿಯಲ್ಲಿ ಕಣ್ಣೆದುರೇ ಕರಗಿಸಲಿ. ಟೆಂಡರಿನಲ್ಲಿ ಷರತ್ತು ಬರೆದು ಗೇಟಿನಾಚೆ ಕಳಿಸಿ ಕೈತೊಳೆದುಕೊಂಡರೆ ಸಾಲದು. ಕೊನೆಗೆ, ಏನೇನು ನಾಶವಾಯಿತು ಎಂಬ ಪಟ್ಟಿ ಮಾತ್ರ ಶಾಶ್ವತವಾಗಿ ಉಳಿಯಲಿ.

ಓದಿ ಬೇಜಾರಾಗಿ ಬಿಟ್ಟುಬಿಡಬೇಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆದುಕೊಂಡು ನೀವು ಓದಿದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇಷ್ಟು ಬರೆದರೆ ಸಾಕು:

"ತಮ್ಮ ವಿಶ್ವವಿದ್ಯಾಲಯದ ದಾಖಲೆಗಳ ಸಂರಕ್ಷಣೆ ಮತ್ತು ವಿಲೇವಾರಿ ಕುರಿತು: ಅವಧಿವಾರು ದಾಖಲೆ ಪಟ್ಟಿ, ಅದನ್ನು ಒಪ್ಪಿದ ಸಿಂಡಿಕೇಟ್ ನಿರ್ಣಯ, ಕಳೆದ ಐದು ವರ್ಷಗಳಲ್ಲಿ ನಾಶಪಡಿಸಿದ ದಾಖಲೆಗಳ ಪಟ್ಟಿ, ನಾಶಪಡಿಸಿದ ವಿಧಾನ ಮತ್ತು ಹಾಜರಿದ್ದ ಅಧಿಕಾರಿಗಳ ಪದನಾಮ ಇರುವ ಕಡತದ ದೃಢೀಕೃತ ಪ್ರತಿ ಒದಗಿಸುವುದು."

ಬಂದ ಉತ್ತರ ನಮಗೂ ಕಳಿಸಿ, ಪ್ರಕಟಿಸುತ್ತೇವೆ. "ಮಾಹಿತಿ ಲಭ್ಯವಿಲ್ಲ" ಎಂದು ಬಂದರೆ ಅದನ್ನು ಮೊದಲು ಪ್ರಕಟಿಸುತ್ತೇವೆ.