ಭಾನುವಾರ ಆಕೆಯದು

ಸಿಂಗಪುರದ ವುಡ್‌ಲ್ಯಾಂಡ್ಸಿನ ಕನ್ನಡಿಗರಲ್ಲಿ ಒಂದು ಪ್ರಶ್ನೆ. ನಿಮ್ಮ ತಾಯಿಗೆ ಸ್ನಾನ ಮಾಡಿಸುವ, ಎದ್ದು ಕೂರಲಾಗದ ಮಗನಿಗೆ ಡಯಾಪರ್ ಬದಲಿಸುವ, ರಾತ್ರಿ ಎರಡಕ್ಕೆ ಎದ್ದು ಮಾವನವರ ಮಗ್ಗುಲು ತಿರುಗಿಸುವ ಹೆಲ್ಪರ್‌ಗೆ ಕಳೆದ ತಿಂಗಳು ಎಷ್ಟು ದಿನ ರಜೆ ಸಿಕ್ಕಿತು? ನಾನು ಕೇಳುತ್ತಿರುವುದು ಇಡೀ ದಿನದ ರಜೆ. ಬೆಳಿಗ್ಗೆ ಉಪ್ಪಿಟ್ಟು ಕೆದಕಿ, ಮಧ್ಯಾಹ್ನದ ಸಾರು ಮಾಡಿಟ್ಟು ಹನ್ನೊಂದಕ್ಕೆ ಹೊರಟು, ಅಜ್ಜಿಯ ಸಂಜೆ ಮಾತ್ರೆಯ ಹೊತ್ತಿಗೆ ಓಡಿ ಬರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಉತ್ತರ ನಮಗೆಲ್ಲ ಬಾಯಿಪಾಠ. "ಅವಳಿಗೇ ರಜೆ ಬೇಡವಂತೆ, ದುಡ್ಡು ತಗೋತಾಳೆ." ಈ ಮಾತಿಗೆ ಇಲ್ಲಿನ ಕಾನೂನಿನಲ್ಲೇ ಜಾಗವಿದೆ. ಮನೆಗೆಲಸದವರಿಗೆ ವಾರಕ್ಕೊಂದು ರಜೆ ಕೊಡಬೇಕೆಂಬ ನಿಯಮ ಜಾರಿಗೆ ಬಂದದ್ದು 2013ರ ಜನವರಿ 1ರಿಂದ. ಆಕೆ ಒಪ್ಪಿದರೆ ಒಂದು ದಿನದ ಸಂಬಳ ಹೆಚ್ಚಿಗೆ ಕೊಟ್ಟು ಆ ದಿನವೂ ದುಡಿಸಿಕೊಳ್ಳಬಹುದು ಎಂದು ಅದೇ ನಿಯಮ ಹೇಳಿತು. ಹತ್ತು ವರ್ಷ ಕಳೆದ ಮೇಲೆ, 2023ರ ಜನವರಿ 1ರಿಂದ, ಸರ್ಕಾರ ಇನ್ನೊಂದು ಗೆರೆ ಎಳೆಯಿತು: ತಿಂಗಳಿಗೆ ಒಂದು ರಜೆಯನ್ನಾದರೂ ಹಣ ಕೊಟ್ಟು ಕೊಳ್ಳುವಂತಿಲ್ಲ. ಕನಿಷ್ಠ ಇಷ್ಟಾದರೂ ಸಿಗಲಿ ಎಂದು ಹಾಕಿದ ಆ ಗೆರೆಯನ್ನು ನಾವು ಇಷ್ಟೇ ಸಾಕು ಎಂದು ಓದಿಕೊಂಡೆವು. ಇನ್ನು ದಿನಕ್ಕೆ ಇಷ್ಟೇ ಗಂಟೆ ಕೆಲಸ ಎಂಬ ಮಿತಿಯಂತೂ ಇಲ್ಲವೇ ಇಲ್ಲ. ಕಚೇರಿ, ಕಾರ್ಖಾನೆಯವರನ್ನು ಕಾಯುವ ಎಂಪ್ಲಾಯ್‌ಮೆಂಟ್ ಆಕ್ಟ್ ಮನೆಗೆಲಸದವರಿಗೆ ಅನ್ವಯಿಸುವುದಿಲ್ಲ.

ಆಕೆ ಒಪ್ಪಿದಳು ಅನ್ನುತ್ತೇವೆ. ಮಲಗುವ ಚಾಪೆ ನಮ್ಮದು, ವರ್ಕ್ ಪರ್ಮಿಟ್ ನಮ್ಮ ಕೈಯಲ್ಲಿ, ಮೊದಲ ತಿಂಗಳುಗಳ ಸಂಬಳವೆಲ್ಲ ಏಜೆಂಟರ ಸಾಲಕ್ಕೆ ವಜಾ. ಅಂಥವಳಿಗೆ 'ಒಲ್ಲೆ' ಅನ್ನುವ ದಾರಿ ಯಾವುದಿತ್ತು, ಹೇಳಿ.

2016ರ ಜುಲೈನಲ್ಲಿ ಸಿಂಗಪುರದ ಒಂದು ಫ್ಲ್ಯಾಟಿನಲ್ಲಿ ಮ್ಯಾನ್ಮಾರಿನ ಹೆಣ್ಣುಮಗಳೊಬ್ಬಳು ಹಿಂಸೆ ತಿಂದು ಸತ್ತಳು. ವಯಸ್ಸು 24. ಸಾಯುವಾಗ ತೂಕವೂ 24 ಕಿಲೋ. ಮಾಲೀಕಳಿಗೆ 2021ರಲ್ಲಿ 30 ವರ್ಷ ಜೈಲಾಯಿತು. ಆ ಸುದ್ದಿ ಓದಿ ನಾವೆಲ್ಲ ಹಲ್ಲು ಕಚ್ಚಿದೆವು, ಆ ಮನೆಯವರನ್ನು ಶಪಿಸಿದೆವು. ಆದರೆ ಕೋರ್ಟಿನಲ್ಲಿ ಹೊರಬಿದ್ದ ಇನ್ನೊಂದು ಸಂಗತಿಯ ಮೇಲೆ ನಮ್ಮ ಕಣ್ಣು ನಿಲ್ಲಲಿಲ್ಲ: ಆಕೆಗೆ ಕೈಯಲ್ಲಿ ಫೋನಿರಲಿಲ್ಲ, ರಜೆಯೂ ಇರಲಿಲ್ಲ. ವಾರಕ್ಕೊಮ್ಮೆ ಹೊರಗೆ ಬಂದಿದ್ದರೆ ಬಸ್ ಸ್ಟಾಪಿನಲ್ಲೋ ಪಾರ್ಕಿನ ಬೆಂಚಿನಲ್ಲೋ ತನ್ನೂರಿನ ಒಬ್ಬಳಾದರೂ ಆ ಮೈ ನೋಡಿ "ಏನಾಯ್ತೇ ನಿಂಗೆ?" ಎಂದು ಕೇಳುತ್ತಿದ್ದಳು. ರಜೆಯ ದಿನವೆಂದರೆ ಸಿನಿಮಾ, ಶಾಪಿಂಗ್ ಎಂದು ನಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಹೊರಗಿನ ಕಣ್ಣು ಆಕೆಯ ಮೇಲೆ ಬೀಳುವ ದಿನ ಅದೊಂದೇ.

ನಮ್ಮವರ ಮನೆಗಳು ಹಾಗಿಲ್ಲ, ಒಪ್ಪಿದೆ. ಹಾಸನದ ಅಜ್ಜಿಗೆ ಜಾವಾದ ಹುಡುಗಿ "ಊಟ ಸಾಕಾ ಅಜ್ಜಿ?" ಎಂದು ಕೇಳುವುದನ್ನು ಕಲಿತಿರುತ್ತಾಳೆ, ಅಜ್ಜಿ ಆಕೆಗೆ ಹೂ ಮುಡಿಸುತ್ತಾರೆ, ಹಬ್ಬಕ್ಕೆ ಬಟ್ಟೆ ತೆಗೆಸುತ್ತಾರೆ. ಈ ಪ್ರೀತಿ ಸುಳ್ಳಲ್ಲ. ಆದರೆ ಪ್ರೀತಿಯಿಂದ ಬೆನ್ನುನೋವು ಹೋಗುವುದಿಲ್ಲ. ಅರವತ್ತು ಕಿಲೋದ ಮನುಷ್ಯನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಹಾಸಿಗೆಗೆ ಎತ್ತಿ ಇಳಿಸುವ ಕೆಲಸಕ್ಕೆ ಆಸ್ಪತ್ರೆಯಲ್ಲಿ ಇಬ್ಬರಿರುತ್ತಾರೆ, ಲಿಫ್ಟಿಂಗ್ ಸಾಧನವಿರುತ್ತದೆ. ಮನೆಯಲ್ಲಿ ಆಕೆಯೊಬ್ಬಳೇ. ಆರು ತಿಂಗಳಿಗೊಮ್ಮೆ ಆಕೆಗೆ ಕಡ್ಡಾಯ ವೈದ್ಯಕೀಯ ತಪಾಸಣೆ ಇದೆ. ಅದು ಮುಖ್ಯವಾಗಿ ನೋಡುವುದು ಗರ್ಭ ನಿಂತಿದೆಯೇ, ಸೋಂಕು ಇದೆಯೇ ಎಂದು. ಆ ಸಾವಿನ ತೀರ್ಪಿನ ಬಳಿಕ ತೂಕ, ಗಾಯದ ಗುರುತುಗಳ ಮೇಲೂ ವೈದ್ಯರ ಗಮನ ಹರಿದಿದೆ. ಸೊಂಟ, ಮಣಿಕಟ್ಟು, ನಿದ್ದೆ ಇವು ಯಾವ ಫಾರ್ಮಿನಲ್ಲೂ ಇಲ್ಲ. ಹೇಳಿಕೊಂಡರೆ ಎಲ್ಲಿ ಊರಿಗೆ ಕಳಿಸಿಬಿಡುತ್ತಾರೋ ಎಂದು ಆಕೆ ಟೈಗರ್ ಬಾಮ್ ಹಚ್ಚಿಕೊಂಡು ಸುಮ್ಮನಾಗುತ್ತಾಳೆ. ಅಂದಹಾಗೆ, ಆಕೆಯ ಚಿಕಿತ್ಸೆಯ ಖರ್ಚು ಮಾಲೀಕರದ್ದೇ. ವಿಮೆ ಮಾಡಿಸಿದ್ದೇವಲ್ಲ ಅನ್ನುವವರು ಪಾಲಿಸಿ ತೆಗೆದು ಓದಲಿ. ಕಡ್ಡಾಯ ವಿಮೆ ಇರುವುದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ, ಕ್ಲಿನಿಕ್ಕಿನ ಬೆನ್ನುನೋವಿಗಲ್ಲ.

ಹಾಗಾದರೆ ಒಳ್ಳೆಯ ಮನೆಗಳೂ ರಜೆ ಕೊಡದೆ ಇರುವುದೇಕೆ? ಬೇರೆ ಕೈಗಳಿಲ್ಲ. ಗಂಡ ಹೆಂಡತಿ ಇಬ್ಬರೂ ವಾರವಿಡೀ ದುಡಿದು ಸುಸ್ತಾದವರು. ಹೊಟ್ಟೆಯ ನಳಿಕೆಯಲ್ಲಿ ಆಹಾರ ಹಾಕುವುದು ಹೇಗೆ, ಫಿಟ್ಸ್ ಬಂದಾಗ ಮಗುವನ್ನು ಹೇಗೆ ಮಲಗಿಸಬೇಕೆಂದು ಗೊತ್ತಿರುವುದು ಆ ಮನೆಯಲ್ಲಿ ಹೆಲ್ಪರ್ ಒಬ್ಬಳಿಗೇ. ಆಕೆ ಹೊರಟರೆ ಭಾನುವಾರ ಕುಸಿಯುತ್ತದೆ. ಬೇರೆ ಕೈಗಳು ಯಾಕಿಲ್ಲವೆಂದರೆ, ಆ ಮನೆಯಲ್ಲಿ ಅಂಥ ಮಗುವೊಂದಿದೆ ಎಂಬುದೇ ಎದುರು ಬ್ಲಾಕಿನ ಕನ್ನಡದವರಿಗೆ ಗೊತ್ತಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಆಕೆಯ ರಜೆಯನ್ನು ತಿಂದಿರುವುದು ನಮ್ಮ ಗುಟ್ಟು.

ಯುಗಾದಿ, ಗಣೇಶ, ರಾಜ್ಯೋತ್ಸವಕ್ಕೆ ಸಿಂಗಪುರದ ಕನ್ನಡಿಗರು ಸೇರುತ್ತಾರೆ; 1996ರಿಂದ ಇಲ್ಲಿ ಕನ್ನಡ ಸಂಘವಿದೆ. ಆ ಸಭಾಂಗಣಗಳಲ್ಲಿ ಗಾಲಿಕುರ್ಚಿಗಳನ್ನು ಎಣಿಸಿ ನೋಡಿ. ಕಾರ್ಯಕ್ರಮದ ನಡುವೆ ಮಗುವೊಂದು ಕಿರುಚಿದರೆ ಎಷ್ಟು ತಲೆಗಳು ಹಿಂತಿರುಗುತ್ತವೆಂದು ನೋಡಿ. ಒಂದು ಸಲ ಹಾಗೆ ತಿರುಗಿದ ತಲೆಗಳನ್ನು ಕಂಡ ತಾಯಿ ಮುಂದಿನ ವರ್ಷ ಬರುವುದಿಲ್ಲ. ಅಕ್ಕನ ಮದುವೆ ಆಗುವವರೆಗೂ ತಮ್ಮನ ವಿಷಯ ಎತ್ತಬೇಡಿ ಎಂಬ ಊರಿನ ಮಾತು ವಿಮಾನ ಹತ್ತಿ ಇಲ್ಲಿಗೂ ಬಂದಿದೆ. ಅರಳುಮರಳಾದ ಮಾವನವರು ಮಾರ್ಸಿಲಿಂಗಿನ ಬ್ಲಾಕುಗಳ ನಡುವೆ ದಾರಿ ತಪ್ಪಿ ಅಲೆದರೆ, ಪೊಲೀಸರಿಗೆ ಹೇಳುವ ಮೊದಲು ಕನ್ನಡದವರಿಗೆ ಗೊತ್ತಾಗದಿರಲಿ ಎಂದು ಯೋಚಿಸುವವರಿದ್ದಾರೆ.

ಇದಕ್ಕೆಲ್ಲ ಸಿಂಗಪುರವನ್ನು ದೂರುವಂತಿಲ್ಲ. ಹಳೆಯ ಎಚ್‌ಡಿಬಿ ಬ್ಲಾಕುಗಳಲ್ಲಿ ಲಿಫ್ಟು ಕೆಲವೇ ಮಹಡಿಗಳಲ್ಲಿ ನಿಲ್ಲುತ್ತಿತ್ತು; 2001ರಿಂದ ಒಂದೊಂದೇ ಬ್ಲಾಕಿನಲ್ಲಿ ಅದನ್ನು ಎಲ್ಲ ಮಹಡಿಗೂ ನಿಲ್ಲುವಂತೆ ಮಾಡುತ್ತ ಬಂದರು. ಅಡ್ಮಿರಲ್ಟಿ ಸ್ಟೇಷನ್ ಪಕ್ಕದ ಕಂಪುಂಗ್ ಅಡ್ಮಿರಲ್ಟಿಯಲ್ಲಿ ಹಿರಿಯರ ಮನೆ, ವೈದ್ಯಕೀಯ ಕೇಂದ್ರ, ಊಟದ ಅಂಗಡಿಗಳು, ಶಿಶುವಿಹಾರ ಎಲ್ಲ ಒಂದೇ ಸೂರಿನಡಿ ಇವೆ. 2018ರಲ್ಲಿ ಅದಕ್ಕೆ ಜಗತ್ತಿನ ವರ್ಷದ ಕಟ್ಟಡವೆಂಬ ಪ್ರಶಸ್ತಿ ಬಂತು. 2023ರ ಡಿಸೆಂಬರಿನಿಂದ ವುಡ್‌ಲ್ಯಾಂಡ್ಸಿಗೆ ತನ್ನದೇ ದೊಡ್ಡ ಆಸ್ಪತ್ರೆಯೂ ಆಯಿತು. ಬೌದ್ಧಿಕ ಅಂಗವೈಕಲ್ಯದ ಮಕ್ಕಳಿಗೆ ಮೈಂಡ್ಸ್ ಸಂಸ್ಥೆಯ ಶಾಲೆ ಇಲ್ಲೇ ಇದೆ.

ಆದರೂ ಒಂದು ಬಿರುಕಿದೆ. ಮನೆಯಲ್ಲಿ ಆರೈಕೆ ಮಾಡುವವರಿಗೆ ಸಿಗುವ ಹೋಮ್ ಕೇರ್‌ಗಿವಿಂಗ್ ಗ್ರ್ಯಾಂಟ್, ತೀವ್ರ ಅಂಗವೈಕಲ್ಯಕ್ಕೆ ತಿಂಗಳು ತಿಂಗಳು ಹಣ ಕೊಡುವ ಕೇರ್‌ಶೀಲ್ಡ್ ಲೈಫ್ ವಿಮೆ, ಹೆಲ್ಪರ್ ಮೇಲಿನ ಲೆವಿಯನ್ನು 300 ಡಾಲರಿನಿಂದ 60ಕ್ಕೆ ಇಳಿಸುವ ರಿಯಾಯಿತಿ, ಇವೆಲ್ಲ ನಿಂತಿರುವುದು ಪೌರತ್ವ ಮತ್ತು ಪಿಆರ್ ಮೇಲೆ. ಎಂಪ್ಲಾಯ್‌ಮೆಂಟ್ ಪಾಸಿನಲ್ಲಿರುವ ಕನ್ನಡ ಸಂಸಾರ, ಲಾಂಗ್ ಟರ್ಮ್ ಪಾಸಿನಲ್ಲಿ ಬಂದಿರುವ ಅವರ ಅಪ್ಪ ಅಮ್ಮ ಇದರ ಹೊರಗೆ. ಅವರ ಪಾಲಿಗೆ ಆರೈಕೆಯ ಇಡೀ ವ್ಯವಸ್ಥೆ ಎಂದರೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗುವ ಆ ಒಬ್ಬ ಹೆಣ್ಣುಮಗಳು. ಆಕೆ ಜ್ವರ ಬಂದು ಮಲಗಿದ ದಿನ ಆ ವ್ಯವಸ್ಥೆಯೂ ಮಲಗಿತು.

ಅತ್ತ ಕರ್ನಾಟಕದಲ್ಲಿ ಈ ಭಾರ ಹೊತ್ತವರು ತಾಯಂದಿರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆಯಿಂದ ಬಾಧಿತರಾದ ಮಕ್ಕಳನ್ನು ಅವರು ಇಪ್ಪತ್ತು, ಮೂವತ್ತು ವರ್ಷ ಎತ್ತಿ ಇಳಿಸಿದ್ದಾರೆ. ಪರಿಹಾರಕ್ಕೆ ಹೋರಾಡಿದ ಆ ಮನೆಗಳಿಗೆ ಕೊಕ್ಕಡದಲ್ಲೂ ಕೊಯಿಲದಲ್ಲೂ ಡೇ ಕೇರ್ ಕೇಂದ್ರಗಳು ಬಂದವು. ಬೆಳಿಗ್ಗೆ ಮಗು ಅಲ್ಲಿಗೆ ಹೋದರೆ ಸಂಜೆವರೆಗೆ ತಾಯಿ ಬೀಡಿ ಕಟ್ಟಬಹುದು, ಆಸ್ಪತ್ರೆಗೆ ಹೋಗಿಬರಬಹುದು, ಸುಮ್ಮನೆ ಮಲಗಲೂಬಹುದು. ಹಣದಿಂದ ಸಿಗದ ಆ ಬಿಡುವನ್ನು ಅಲ್ಲಿಯ ಬಡವರು ಹೋರಾಡಿ ಪಡೆದರು. ನಾವು, ಬಡವರಲ್ಲದವರು, ಪರದೇಶದ ಬಡ ಹೆಣ್ಣಿನ ಭಾನುವಾರವನ್ನು ಇಪ್ಪತ್ತು ಮೂವತ್ತು ಡಾಲರಿಗೆ ಕೊಂಡು ಅದೇ ಬಿಡುವನ್ನು ನಮಗೆ ಮಾಡಿಕೊಂಡಿದ್ದೇವೆ.

ಅದಕ್ಕೇ ಈ ಕರೆ. ಆರೈಕೆ ಬೇಕಾದ ಒಂದು ಮನೆಯ ಸುತ್ತ ನಾಲ್ಕು ಕನ್ನಡ ಮನೆಗಳು ನಿಲ್ಲಲಿ. ತಿಂಗಳಿಗೆ ಒಂದು ಭಾನುವಾರ ಒಂದು ಮನೆಯದು. ಅಂದು ಹೆಲ್ಪರ್ ಬೆಳಿಗ್ಗೆ ಹೊರಟು ರಾತ್ರಿ ಬರಲಿ. ನಿಮ್ಮ ಪಾಳಿಯಲ್ಲಿ ನೀವು ಆ ಮನೆಗೆ ಹೋಗಿ ಉಣ್ಣಿಸಿ, ಒರೆಸಿ, ಗಾಲಿಕುರ್ಚಿಯನ್ನು ಕೆಳಗಿನ ವಾಯ್ಡ್ ಡೆಕ್ಕಿಗೆ ತಳ್ಳಿಕೊಂಡು ಬನ್ನಿ. ಕೆಲಸ ಕಲಿಸುವವರು ಯಾರು ಎಂದಿರಾ? ಆಕೆಯೇ. ಮೊದಲ ಎರಡು ಸಲ ಆಕೆ ಗುರುವಾಗಿ ನಿಂತು, ಬೆನ್ನು ಬಾಗಿಸದೆ ಮೊಣಕಾಲು ಮಡಿಸಿ ಎತ್ತುವುದು ಹೇಗೆಂದು ತೋರಿಸಲಿ. ಅದಕ್ಕೆ ಬೇರೆ ಸಂಬಳ ಕೊಡಿ, ಆ ದಿನದ ಬದಲಿಗೆ ರಜೆಯನ್ನೂ ಕೊಡಿ.

ಗಂಡಸರಿಗೆ ಪ್ರತ್ಯೇಕವಾಗಿ ಒಂದು ಮಾತು. ಆಫೀಸಿನ ಸರ್ವರ್ ಮಧ್ಯರಾತ್ರಿ ಬಿದ್ದರೆ ಯಾರು ಏಳಬೇಕೆಂದು ನೀವು ಆನ್‌ಕಾಲ್ ರೋಸ್ಟರ್ ಹಾಕುತ್ತೀರಿ. ಒಬ್ಬನ ಮೇಲೇ ಬಿಟ್ಟರೆ ಅವನು ಕೆಲಸ ಬಿಟ್ಟು ಹೋಗುತ್ತಾನೆಂದು ನಿಮಗೆ ಗೊತ್ತು. ಆ ಬುದ್ಧಿಯನ್ನು ಮನೆಯೊಳಗೂ ತನ್ನಿ. ಅಪ್ಪನಿಗೆ ಸ್ನಾನ ಮಾಡಿಸಲು ಮಗನಿಗಿಂತ ಹತ್ತಿರದವರು ಯಾರು? ಅಪರಿಚಿತ ಹೆಣ್ಣಿನ ಕೈಯಲ್ಲಿ ಮೈ ತೊಳೆಸಿಕೊಳ್ಳುವಾಗ ಆ ಹಿರಿಯರು ಗೋಡೆಯ ಕಡೆ ಮುಖ ತಿರುಗಿಸುವುದನ್ನು ನೀವೂ ಕಂಡಿರಬಹುದು.

ಮಡಿ, ಅಡುಗೆ, ಮಾನ, ಬೇರೆಯವರು ನಮ್ಮ ಬೆಡ್‌ರೂಮಿಗೆ ಬರುವುದೇ, ಇಂಥ ಆಕ್ಷೇಪಗಳು ಬರುತ್ತವೆ. ಬರಲಿ. ಜಾವಾದಿಂದ, ತಮಿಳುನಾಡಿನ ಇಳಯಾಂಗುಡಿಯಿಂದ, ಮ್ಯಾನ್ಮಾರಿನಿಂದ ಬಂದವಳು ಆ ಕೋಣೆಯೊಳಗೆ ಬಂದಾಗ ಎಲ್ಲಿಯೂ ಕೆಡದ ಮಾನ, ತುಮಕೂರಿನವರು ಬಂದರೆ ಕೆಡುತ್ತದೆಯೇ?

ಸಂಘಗಳವರಿಗೆ ಕೊನೆಯ ಬೇಡಿಕೆ, ಖರ್ಚಿಲ್ಲದ್ದು. ಹಬ್ಬದ ನೋಂದಣಿ ಫಾರ್ಮಿನಲ್ಲಿ ದೊಡ್ಡವರೆಷ್ಟು, ಮಕ್ಕಳೆಷ್ಟು, ಊಟಕ್ಕೆ ಎಷ್ಟು ಜನ ಎಂದು ಕೇಳುತ್ತೀರಿ. ಅದರ ಕೆಳಗೆ ಮೂರು ಸಾಲು ಸೇರಿಸಿ. ನಿಮ್ಮ ಜೊತೆ ಗಾಲಿಕುರ್ಚಿ ಬರುತ್ತದೆಯೇ? ಗದ್ದಲ ತಾಳದ ಮಗುವಿಗೆ ಪಕ್ಕದಲ್ಲೊಂದು ಶಾಂತ ಕೋಣೆ ಬೇಕೇ? ತಿಂಗಳ ಯಾವ ಭಾನುವಾರ ನೀವು ಪಾಳಿಗೆ ಬರಬಲ್ಲಿರಿ?