ಲೆಕ್ಕಕ್ಕೆ ಸಿಗದ ಮಕ್ಕಳು

ಕೋವಿಡ್‌ನಿಂದಾಗಿ ಭಾರತದ 19 ಲಕ್ಷಕ್ಕೂ ಹೆಚ್ಚು ಮಕ್ಕಳು ತಂದೆಯನ್ನೋ ತಾಯಿಯನ್ನೋ ಸಾಕುತ್ತಿದ್ದ ಅಜ್ಜ-ಅಜ್ಜಿಯನ್ನೋ ಕಳೆದುಕೊಂಡರೆಂದು 2022ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರ ಅಧ್ಯಯನ ಅಂದಾಜಿಸಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇದು ಜನರನ್ನು ಗಾಬರಿಪಡಿಸುವ ಕುತಂತ್ರವೆಂದು ತಳ್ಳಿಹಾಕಿತು, ಸಂಖ್ಯೆ 1.53 ಲಕ್ಷವಷ್ಟೇ ಎಂದಿತು. ಆ ವಾದವನ್ನು ಈಗಲೂ ಹೊತ್ತು ತಿರುಗುವವರಿದ್ದಾರೆ. ಅದು ಎಷ್ಟು ಗಟ್ಟಿ ಎಂದು ಓದುಗರೇ ತೂಗಿ ನೋಡಲಿ.

ಅವರ ಮೊದಲ ಮಾತು: ಆ 1.53 ಲಕ್ಷದ ಮೂಲವಾದ, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ‘ಬಾಲ ಸ್ವರಾಜ್’ ಪೋರ್ಟಲ್‌ನಲ್ಲಿ ಇರುವುದು ಜಿಲ್ಲೆಗಳಿಂದ ಬಂದ ನಿಜವಾದ ಹೆಸರುಗಳು, ಆದ್ದರಿಂದ ಅದೇ ಸತ್ಯ. ಹೆಸರುಗಳು ನಿಜವೇ. ಆದರೆ ಯಾರೋ ಬರೆಸಿದ ಹೆಸರುಗಳಷ್ಟೇ ಅಲ್ಲಿವೆ. ಮೇಲಾಗಿ ಆ ಪಟ್ಟಿ ಕೋವಿಡ್ ಸಾವಿನದ್ದು ಮಾತ್ರವಲ್ಲ; 2020ರ ಏಪ್ರಿಲ್‌ನಿಂದ ಯಾವುದೇ ಕಾರಣಕ್ಕೆ ತಂದೆ ಅಥವಾ ತಾಯಿ ತೀರಿಕೊಂಡ ಮಕ್ಕಳದ್ದು. ಇಲ್ಲಿಗೆ ವಾದ ಕುಸಿಯುತ್ತದೆ. ದೇಶದಲ್ಲಿ ಹದಿನೆಂಟರೊಳಗಿನ ಮಕ್ಕಳು ಸುಮಾರು 44 ಕೋಟಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ತಂದೆ-ತಾಯಿಯರಲ್ಲಿ ಒಬ್ಬರನ್ನಾದರೂ ಕಳೆದುಕೊಂಡವರು ನೂರಕ್ಕೆ ನಾಲ್ಕರ ಆಸುಪಾಸು. ಅಂದರೆ ಒಂದೂಮುಕ್ಕಾಲು ಕೋಟಿ. ಇದನ್ನು ಹದಿನೆಂಟು ವರ್ಷಗಳಿಗೆ ಹಂಚಿದರೂ, ಯಾವ ಸೋಂಕೂ ಇಲ್ಲದ ವರ್ಷದಲ್ಲೇ ಹೊಸದಾಗಿ ಹೀಗೆ ಕಳೆದುಕೊಳ್ಳುವ ಮಕ್ಕಳು ಹತ್ತು ಲಕ್ಷದ ಹತ್ತಿರ ಬರುತ್ತಾರೆ. ಎರಡು ವರ್ಷದಲ್ಲಿ, ಅದೂ ಮಹಾಮಾರಿಯ ನಡುವೆ, ಎಲ್ಲ ಕಾರಣಗಳೂ ಸೇರಿ ಒಂದೂವರೆ ಲಕ್ಷ ಮಾತ್ರವೇ? ಸರ್ಕಾರದ್ದೇ ಸಮೀಕ್ಷೆ ಸರ್ಕಾರದ ಪೋರ್ಟಲನ್ನು ಸುಳ್ಳಾಗಿಸುತ್ತಿದೆ.

ಎರಡನೆಯದು: ಅಂದಾಜು ಅಂದಾಜೇ, ಅದಕ್ಕೆ ಬೆಲೆಯಿಲ್ಲ. ಹಾಗಿದ್ದರೆ ತಾಯಂದಿರ ಮರಣ ಪ್ರಮಾಣ ಇಳಿದಿದೆ, ಶಿಶುಮರಣ ಇಳಿದಿದೆ ಎಂದು ಇದೇ ಸರ್ಕಾರ ಹೆಮ್ಮೆಯಿಂದ ಪ್ರಕಟಿಸುವ ಅಂಕಿಗಳು ಎಲ್ಲಿಂದ ಬಂದವು? ಮಾದರಿ ನೋಂದಣಿ ವ್ಯವಸ್ಥೆಯಿಂದ. ಕೆಲವೇ ಪ್ರದೇಶಗಳಲ್ಲಿ ಎಣಿಸಿ ದೇಶಕ್ಕೆಲ್ಲ ಅನ್ವಯಿಸಿದ ಅಂದಾಜಿನಿಂದ. ಸಿಹಿ ಸುದ್ದಿ ತಂದಾಗ ವಿಜ್ಞಾನ, ಕಹಿ ಸುದ್ದಿ ತಂದಾಗ ಕುತಂತ್ರ ಎನ್ನಲಾಗದು. 19 ಲಕ್ಷ ಹೆಚ್ಚಾಯಿತು ಎನ್ನುವವರು ಲೆಕ್ಕದಲ್ಲಿ ತಪ್ಪು ತೋರಿಸಲಿ.

ಇನ್ನು, ಒಬ್ಬರು ಬದುಕಿದ್ದರೆ ಮಗು ಅನಾಥವಲ್ಲವಲ್ಲ ಎಂಬ ವಾದ. 2022ರ ಜನವರಿಯಲ್ಲಿ ಅದೇ ಆಯೋಗ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ ಇಬ್ಬರನ್ನೂ ಕಳೆದುಕೊಂಡವರು 10,094, ಒಬ್ಬರನ್ನು ಕಳೆದುಕೊಂಡವರು 1,36,910. ಮೊದಲ ಗುಂಪನ್ನಷ್ಟೇ ಎಣಿಸಿ ಎನ್ನುವವರು, ಪರಿಹಾರ ಯಾರಿಗೆ ಎಂದು ತೀರ್ಮಾನಿಸಲು ಎಳೆದ ಗೆರೆಯಿಂದ ದುಃಖವನ್ನು ಅಳೆಯುತ್ತಿದ್ದಾರೆ. ದುಡಿಯುತ್ತಿದ್ದ ಅಪ್ಪ ಹೋದ ಮನೆಯಲ್ಲಿ ಅಮ್ಮ ಇದ್ದಾಳೆಂಬ ಮಾತ್ರಕ್ಕೆ ಆ ಮಗುವಿಗೆ ಏನೂ ಆಗಿಲ್ಲ ಎನ್ನಲು ಮನಸ್ಸಾದರೂ ಹೇಗೆ ಬರುತ್ತದೆ?

ಕೊನೆಗೆ ಉಳಿಯುವ ಆಸರೆ ಕರುಣೆಯದು: ಸತ್ತವರ ವಿಷಯ ಕೇಳಿ ಮಕ್ಕಳ ಗಾಯ ಕೆದಕಬೇಡಿ. ಮಕ್ಕಳನ್ನು ಕೇಳಬೇಕಾಗಿಯೇ ಇಲ್ಲ. ನಮ್ಮ ಕರ್ನಾಟಕದಲ್ಲಿ ಮನೆಯ ಯಜಮಾನ ತೀರಿಕೊಂಡರೆ ಪಡಿತರ ಚೀಟಿಯಿಂದ ಹೆಸರು ತೆಗೆಸುತ್ತಾರೆ, ವಿಧವಾ ವೇತನಕ್ಕೆ ಅರ್ಜಿ ಹಾಕುತ್ತಾರೆ, ಪೌತಿ ಖಾತೆಗಾಗಿ ನಾಡಕಚೇರಿಯಿಂದ ವಂಶವೃಕ್ಷ ಪಡೆಯುತ್ತಾರೆ. ವಂಶವೃಕ್ಷದಲ್ಲಿ ಪ್ರತಿ ಮಗುವಿನ ಹೆಸರೂ ಇದೆ. ಜಮೀನು ಯಾರ ಪಾಲಿಗೆ ಎಂದು ತಿಳಿಯಲು ಆ ಹಾಳೆಯನ್ನು ಓದುವ ಕಚೇರಿ, ಆ ಮಕ್ಕಳನ್ನು ಮಾತ್ರ ಕೂಡಿಸಿ ನೋಡಿಲ್ಲ.